ಕಾಗುಣಿತ ನುಂಗಿದ ವಿಳಾಸಗಳು

ನನ್ನದೊಂದು ಲೇಖನಗಳ ಆ್ಯಪ್ ಮೊದಲು ಪಿಎಚ್‌ಪಿ ಭಾಷೆಯಲ್ಲಿತ್ತು. ವಿಳಾಸಗಳೆಲ್ಲ 'ವ್ಯೂ.ಪಿಎಚ್‌ಪಿ?ಐಡಿ=127' ಅನ್ನೋ ಧಾಟಿ. ಲಿಂಕ್ ನೋಡಿದರೆ ಒಳಗೇನಿದೆ ಅಂತ ಗೊತ್ತಾಗುತ್ತಿರಲಿಲ್ಲ. ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೋಗೆ ಬದಲಾಯಿಸುವಾಗ ಇದನ್ನೂ ಸರಿಮಾಡೋಣ, ಶೀರ್ಷಿಕೆಯೇ ವಿಳಾಸದಲ್ಲಿ ಕಾಣಲಿ ಅಂದುಕೊಂಡೆ. ಅರ್ಧ ದಿನದ ಕೆಲಸ ಅಂತ ಲೆಕ್ಕ ಹಾಕಿದ್ದೆ.

ಇಂಗ್ಲಿಷ್ ಶೀರ್ಷಿಕೆಗಳಿಗೆ ಅಷ್ಟೂ ಬೇಕಾಗಲಿಲ್ಲ. ಶೀರ್ಷಿಕೆಯಿಂದ ವಿಳಾಸದಲ್ಲಿಡುವ ತುಣುಕು, ಅಂದರೆ ಸ್ಲಗ್, ಮಾಡಲು ಜ್ಯಾಂಗೋದಲ್ಲಿ ಸ್ಲಗಿಫೈ ಅನ್ನೋ ಫಂಕ್ಷನ್ ಇದೆ. ಪದಗಳ ನಡುವೆ ಅಡ್ಡಗೆರೆ ಹಾಕಿ, ಬೇಡದ ಚಿಹ್ನೆಗಳನ್ನು ತೆಗೆದು ಕೊಡುತ್ತದೆ. ಅದಕ್ಕೇ ಒಂದು ಕನ್ನಡ ಶೀರ್ಷಿಕೆ ಕೊಟ್ಟೆ. ಬಂದಿದ್ದು ಖಾಲಿ! ನಾವು ಬೇರೆ ಹೇಳದಿದ್ದರೆ ಅದು ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿಯಂಥವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಎಲ್ಲ ಭಾಷೆಗಳ ಲಿಪಿಗೂ ಜಾಗವಿರುವ ಯೂನಿಕೋಡ್‌ನ ಅಕ್ಷರಗಳೂ ಇರಲಿ ಅನ್ನೋ ಆಯ್ಕೆ ಕೊಟ್ಟೆ. 'ಮಳೆಗಾಲದ ಓದು' ಹೋಗಿ 'ಮಳಗಲದ-ಓದ' ಆಯಿತು.

ಕಾಗುಣಿತ ಎಲ್ಲಿ ಹೋಯಿತು ಅಂತ ಹುಡುಕಲು ಒಂದು ಸಂಜೆ ಹಿಡಿಯಿತು. ತಪ್ಪು, ಬೇಡದ ಅಕ್ಷರ ಸೋಸಲು ಸ್ಲಗಿಫೈ ಬಳಸುವ ಪೈಥಾನ್‌ನ ರೆಜೆಕ್ಸ್‌ನದು. ಅದರ ಪ್ರಕಾರ 'ಮ' ಅಕ್ಷರ, ಆದರೆ ಏತ್ವ, ಕೊಂಬು, ಒತ್ತಕ್ಷರ ಕೂಡಿಸುವ ಹಲಂತ ಇವೆಲ್ಲ ಅಕ್ಷರಗಳಲ್ಲ, ಬರೀ ಗುರುತುಗಳು. ಹಾಗಾಗಿ ಗುಡಿಸಿ ಹಾಕುತ್ತದೆ. ಕೊನೆಗೆ ನನ್ನದೇ ಫಂಕ್ಷನ್ ಬರೆದೆ: ಯೂನಿಕೋಡ್‌ನಲ್ಲಿ ಕನ್ನಡಕ್ಕಿಟ್ಟ 128 ಜಾಗ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಉಳಿಯಲಿ ಅಂತ. ಬಂದ ವಿಳಾಸದಲ್ಲಿ ಸ್ಲಗ್ ಗುರುತಿಸುವ ಜ್ಯಾಂಗೋದ ಸ್ಲಗ್ ಕನ್ವರ್ಟರ್‌ಗೂ ಕನ್ನಡ ಬರುವುದಿಲ್ಲ, ನೇರ 404, ಅಂದರೆ 'ಪುಟ ಸಿಗಲಿಲ್ಲ'. ಅದಕ್ಕೂ ಒಂದು ಪುಟ್ಟ ಕ್ಲಾಸ್ ಬರೆದು ನೋಂದಾಯಿಸಿದೆ. ನಾಲ್ಕೈದು ಸಾಲಿನ ಕೆಲಸ, ಅಷ್ಟೇ.

ಅಷ್ಟಕ್ಕೇ ಮುಗಿಯಲಿಲ್ಲ. 'ಸರ್ವರ್‌ಗೆ' ಅಂತ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಗೊತ್ತಲ್ವಾ? ಅದು ಆ 128ರಲ್ಲಿಲ್ಲ. ತೆಗೆದರೆ ಪದದ ರೂಪವೇ ಬದಲಾಗಿ 'ಸರ್ವರ್ಗೆ' ಆಗುತ್ತದೆ. ಬಿಟ್ಟರೆ ಕೈಯಲ್ಲಿ ಟೈಪ್ ಮಾಡಿದವರಿಗೆ ಪುಟ ಸಿಗದೇ ಹೋಗಬಹುದು. ಇಲ್ಲಿಗೆ ಸ್ಲಗ್ ನಂಬಿ ಲೇಖನ ಹುಡುಕುವ ಆಸೆ ಬಿಟ್ಟೆ. ಈಗ ವಿಳಾಸ '/ಲೇಖನ/127/ಮಳೆಗಾಲದ-ಓದು/'. ಹುಡುಕುವುದು 127ನ್ನು ಮಾತ್ರ, ಹೆಸರು ಇರೋದು ಓದುಗರ ಕಣ್ಣಿಗೆ. ಹೆಸರು ತಪ್ಪಿದ್ದರೆ ಸರಿಯಾದ ವಿಳಾಸಕ್ಕೆ ಕಳಿಸುತ್ತೇನೆ. ಆ ಅಂಕಿ ಅಷ್ಟು ಚಂದ ಕಾಣಲ್ಲ, ನಿಜ. ಆದರೆ ಶೀರ್ಷಿಕೆ ತಿದ್ದಿದರೂ ಹಳೆಯ ಲಿಂಕ್ ಮುರಿಯುವುದಿಲ್ಲ.

ಕನ್ನಡ ವಿಳಾಸದ ಒಂದು ಕಿರಿಕಿರಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಸಾಲು ಬರುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್, ಒಂದೊಂದು ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. 'ಮಳೆಗಾಲದ' ಒಂದೇ 63 ಅಕ್ಷರ ತಿನ್ನುತ್ತದೆ. ಅದಕ್ಕೇ ಸ್ಲಗ್‌ನಲ್ಲಿ ನಾಲ್ಕು ಪದಕ್ಕಿಂತ ಜಾಸ್ತಿ ಇಡುವುದಿಲ್ಲ.

ಹಳೆಯ ಲಿಂಕ್‌ಗಳ ಕೆಲಸ ಉಳಿದಿತ್ತು. ಯಾವ ವಿಳಾಸಕ್ಕೆ ಯಾವ ಕೋಡ್ ಅಂತ ಹೇಳುವ ಜ್ಯಾಂಗೋದ ರೂಟ್‌ಗಳು ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನದನ್ನು ನೋಡುವುದೇ ಇಲ್ಲ. ಹಾಗಾಗಿ 'ವ್ಯೂ.ಪಿಎಚ್‌ಪಿ'ಗೆಂದೇ ಒಂದು ರೂಟ್ ಇಟ್ಟು, ಐಡಿಯನ್ನು ಒಳಗೆ ಓದಿ, ಹೊಸ ವಿಳಾಸಕ್ಕೆ ಹೋಗು ಅಂತ ಬ್ರೌಸರ್‌ಗೆ ಹೇಳುವ 301 ಸಂಕೇತ ಕೊಟ್ಟೆ. ಆತುರದಲ್ಲಿ ಮೊದಲ ಸಲ ಎಲ್ಲವನ್ನೂ ಮುಖಪುಟಕ್ಕೆ ಕಳಿಸಿಬಿಟ್ಟಿದ್ದೆ. ಕೋಡ್ ತಿದ್ದಿದೆ, ಸರ್ವರ್ ಮತ್ತೆ ಶುರುಮಾಡಿದೆ, ಆದರೂ ನನ್ನ ಬ್ರೌಸರ್ ಮುಖಪುಟಕ್ಕೇ ಹೋಗುತ್ತಿತ್ತು. 301 ಅಂದರೆ ಕಾಯಂ ಅಂತ ಅದು ನೆನಪಿಟ್ಟುಕೊಂಡಿತ್ತು. ಕ್ಯಾಶ್ ಅಳಿಸಿದ ಮೇಲೇ ಸರಿಹೋಗಿದ್ದು. ಈಗ ಮೊದಲು ತಾತ್ಕಾಲಿಕ ಅನ್ನೋ 302 ಇಟ್ಟು ಒಂದೆರಡು ದಿನ ನೋಡುತ್ತೇನೆ, ಆಮೇಲೆ 301.