ಹುಲ್ಲು ಹೊಡೆಯುವ ಮೆಷಿನ್ನಿನ ಬ್ಲೇಡು ಮನೆಯಲ್ಲೇ ಬದಲಿಸುವುದು ಹೇಗೆ?

ಮಳೆ ಎರಡು ದಿನ ಹೊಳವಾದರೆ ಸಾಕು, ಕರಾವಳಿ, ಮಲೆನಾಡಿನ ಅಡಕೆ ತೋಟಗಳಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿನ ಸದ್ದು ಶುರುವಾಗುತ್ತದೆ. ಹುಲ್ಲಿನಡಿಯ ಮುರಕಲ್ಲಿಗೋ ಹಳೆಯ ಬೇಲಿ ತಂತಿಗೋ ಬಡಿದು ಬ್ಲೇಡು ಮೊಂಡಾಗುವುದೂ ಆಗಲೇ. ಅಷ್ಟಕ್ಕೇ ಮೆಷಿನ್ ಹೊತ್ತು ಪೇಟೆಗೆ ಹೋಗಬೇಕಿಲ್ಲ. ಕ್ರಮ ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ಜಗಲಿಯಲ್ಲೇ ಮುಗಿಯುವ ಕೆಲಸ ಇದು. ಕ್ರಮ ತಪ್ಪಿದರೆ ಮಾತ್ರ ಕೈಗೂ ಕಾಲಿಗೂ ಅಪಾಯ.

ಮೊದಲು ಎಂಜಿನ್ ಆರಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟುಬಿಡಿ. ಸೈಲೆನ್ಸರ್ ಮಾತ್ರವಲ್ಲ, ಬ್ಲೇಡಿನ ಪಕ್ಕದ ಗೇರ್ ಬಾಕ್ಸೂ ಕೈ ಸುಡುವಷ್ಟು ಕಾದಿರುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ತೆಗೆದು, ಪ್ಲಗ್ಗಿಗೆ ತಾಗದಂತೆ ಬದಿಗೆ ಸರಿಸಿ. ಸ್ವಿಚ್ ಆಫ್ ಮಾಡಿದ್ದೇನಲ್ಲ ಎಂದು ಇದನ್ನು ಬಿಡುವವರು ಬಹಳ. ಹಾಗೆ ಬಿಡಬೇಡಿ. ಸ್ವಿಚ್ಚು ಕೈ ತಾಗಿದರೂ ಸರಿಯುತ್ತದೆ, ಹಗ್ಗ ಎಳೆಯುವುದು ಮಕ್ಕಳಿಗೆ ಆಟ. ಬ್ಯಾಟರಿ ಮೆಷಿನ್ ಆಗಿದ್ದರೆ ಬ್ಯಾಟರಿ ಹೊರಗೆ ತೆಗೆದಿಡಿ, ಕರೆಂಟಿನದಾದರೆ ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಬೆಳಕಿರುವ ಕಡೆ ಗೋಣಿ ಹಾಸಿ, ಬ್ಲೇಡು ಮೇಲೆ ಬರುವಂತೆ ಮೆಷಿನ್ ಮಲಗಿಸಿ. ದಪ್ಪನೆಯ ಕೈಗವಸು ಹಾಕಿಕೊಳ್ಳಿ. ಮೊಂಡಾದ ಬ್ಲೇಡೂ ಬೆರಳು ಕೊಯ್ಯುತ್ತದೆ.

ಉಲ್ಟಾ ನಟ್ಟು

ಗೇರ್ ಬಾಕ್ಸಿನ ಬದಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಬ್ಲೇಡನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಳಗಿನ ವಾಷರಿನ ಕಚ್ಚು ಆ ತೂತಿನ ನೇರಕ್ಕೆ ಬರುತ್ತದೆ. ಮೆಷಿನ್ ಜೊತೆ ಕೊಟ್ಟ ಎಲ್ ಕೀಯನ್ನೋ ಪಿನ್ನನ್ನೋ ಅಲ್ಲಿ ತೂರಿಸಿದರೆ ಶಾಫ್ಟು ಅಲುಗದೆ ನಿಲ್ಲುತ್ತದೆ. ಮರದ ತುಂಡು ಸಿಕ್ಕಿಸಿ ಬ್ಲೇಡನ್ನೇ ಒತ್ತಿ ಹಿಡಿಯುವ ಅಭ್ಯಾಸ ಒಳ್ಳೆಯದಲ್ಲ. ಅದು ಜಾರಿದರೆ ಬ್ಲೇಡು ಕೈಗೇ ಬರುತ್ತದೆ.

ಈಗ ಪಾನಾ ಹಾಕುವ ಮುನ್ನ ಒಂದು ಮಾತು. ಬಹುತೇಕ ಮೆಷಿನ್‌ಗಳಲ್ಲಿ ಈ ನಟ್ಟಿಗೆ ಉಲ್ಟಾ ಥ್ರೆಡ್ಡು. ಬ್ಲೇಡು ನಿಮ್ಮ ಮುಖದ ಕಡೆ ಇರುವಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ, ಅದರ ವಿರುದ್ಧ ತಿರುಗಿಸಿದರೆ ಬಿಗಿ. ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿಡುವ ತಿರುಪೂ, ಸೈಕಲ್ಲಿನ ಎಡ ಪೆಡಲೂ ಹೀಗೆಯೇ. ಕಾರಣವಿದೆ: ಬ್ಲೇಡು ಈ ಬದಿಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಗಿಡಕ್ಕೆ ಬಡಿದಾಗಲೆಲ್ಲ ಅದು ತಡೆದು ನಟ್ಟನ್ನು ಹಿಂದಕ್ಕೆ ಎಳೆಯುತ್ತದೆ. ಮಾಮೂಲಿ ಥ್ರೆಡ್ಡಾಗಿದ್ದರೆ ಆ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಉಲ್ಟಾ ಇರುವುದರಿಂದ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಇದು ತಿಳಿಯದೆ ಮೊದಲ ಸಲ ನಾನು ಎಲ್ಲ ನಟ್ಟಿನಂತೆ ಎಡಕ್ಕೆ ತಿರುಗಿಸಿದೆ. ಬಾರದಿದ್ದಾಗ ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಒತ್ತಿದೆ. ನಟ್ಟು ಏಕಾಏಕಿ ಹಗುರಾಯಿತು. ಬಿಚ್ಚಿತು ಎಂದುಕೊಂಡರೆ ಶಾಫ್ಟಿನ ಥ್ರೆಡ್ಡೇ ಕಿತ್ತುಹೋಗಿತ್ತು. ಒಂದು ನಟ್ಟಿಗಾಗಿ ಗೇರ್ ಬಾಕ್ಸು ಪೂರಾ ಬದಲಿಸಬೇಕಾಯಿತು. ಹಾಗಾಗಿ ನಟ್ಟು ಜಗ್ಗದಿದ್ದರೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ, ದಿಕ್ಕು ಸರಿಯೇ ಎಂದು ಇನ್ನೊಮ್ಮೆ ನೋಡಿ.

ನಟ್ಟು ಬಂದ ಮೇಲೆ ಬಟ್ಟಲಿನಂಥ ಮುಚ್ಚಳ, ಹೊರಗಿನ ವಾಷರು, ಬ್ಲೇಡು, ಒಳಗಿನ ವಾಷರು ಹೀಗೆ ಒಂದೊಂದಾಗಿ ಬರುತ್ತವೆ. ಬಂದ ಸಾಲಿನಲ್ಲೇ ಗೋಣಿಯ ಮೇಲೆ ಜೋಡಿಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಒಳಗಿನ ವಾಷರಿನ ಹಿಂದೆ ಶಾಫ್ಟಿಗೆ ಹುಲ್ಲಿನ ನಾರು ತಂತಿ ಸುತ್ತಿದಷ್ಟು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಚಾಕುವಿನ ತುದಿಯಿಂದ ಕೊಯ್ದು ಪೂರ್ತಿ ತೆಗೆಯಿರಿ. ಅದು ಉಳಿದರೆ ವಾಷರು ಸಮ ಕೂರುವುದಿಲ್ಲ, ಗೇರ್ ಬಾಕ್ಸಿನ ಸೀಲೂ ಹಾಳಾಗುತ್ತದೆ.

ಹಳೆ ಬ್ಲೇಡೋ, ಹೊಸದೋ?

ಬ್ಲೇಡು ಒರೆಸಿ, ನಡುವಿನ ತೂತಿನ ಸುತ್ತ ಮತ್ತು ಹಲ್ಲುಗಳ ಬುಡ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಅದರ ಕೆಲಸ ಮುಗಿಯಿತು. ನಮ್ಮಲ್ಲಿ ಬಿರುಕಿಗೆ ವೆಲ್ಡಿಂಗ್ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ತುಂಡಾದ ಹಲ್ಲು ಎತ್ತ ಹಾರುತ್ತದೆಂದು ಯಾರೂ ಹೇಳಲಾರರು.

ಬಿರುಕಿಲ್ಲದ ಮೂರು ಹಲ್ಲಿನ ಬ್ಲೇಡನ್ನು ಸಾಮಾನ್ಯವಾಗಿ ಮಗುಚಿ ಹಾಕಿ ಇನ್ನೊಂದು ಬದಿಯನ್ನೂ ಬಳಸಬಹುದು. ಅರದಿಂದ ಉಜ್ಜುವುದಾದರೆ ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ ಉಜ್ಜಿ. ಒಂದು ಹಲ್ಲು ಹೆಚ್ಚು ಸವೆದರೆ ತೂಕ ತಪ್ಪಿ ಮೆಷಿನ್ ನಡುಗುತ್ತದೆ, ಸಂಜೆಗೆ ಕೈ ಜೋಮು ಹಿಡಿಯುತ್ತದೆ. ತುದಿಗೆ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತು ಕೂರಿಸಿದ 80 ಹಲ್ಲಿನ ಬ್ಲೇಡಿಗೆ ಮನೆಯ ಅರ ನಾಟುವುದಿಲ್ಲ.

ಹೊಸತು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಹೆಚ್ಚಿನವಕ್ಕೆ ನಡುವಿನ ತೂತು 25.4 ಮಿ.ಮೀ., ಕೆಲವಕ್ಕೆ 20 ಮಿ.ಮೀ. ತೂತು ದೊಡ್ಡದಾದರೆ ಬ್ಲೇಡು ನಡುವಿಗೆ ಕೂರುವುದೇ ಇಲ್ಲ.

ಜೋಡಿಸುವಾಗ

ಬ್ಲೇಡಿನ ಮೇಲಿನ ಬಾಣವೂ ಗಾರ್ಡಿನ ಮೇಲಿನ ಬಾಣವೂ ಒಂದೇ ದಿಕ್ಕಿಗಿರಲಿ. ಒಳ ವಾಷರಿನ ನಡುವಿನ ಉಬ್ಬಿದ ಭಾಗಕ್ಕೆ ಬ್ಲೇಡಿನ ತೂತು ಸರಿಯಾಗಿ ಕೂರಬೇಕು. ಬೆರಳಿಂದ ಒತ್ತಿ ಅಲುಗಿಸಿ ನೋಡಿ, ಕಟಕಟ ಅನ್ನಬಾರದು. ನಟ್ಟನ್ನು ಮೊದಲು ಕೈಯಲ್ಲೇ ಮೂರು ನಾಲ್ಕು ಸುತ್ತು ಹಾಕಿ, ಆಮೇಲೆ ಪಾನಾದಿಂದ ಬಿಗಿ ಮಾಡಿ. ಒಳಗೆ ನೈಲಾನ್ ಬಳೆಯಿರುವ ನಟ್ಟು ಬೆರಳಲ್ಲೇ ಪೂರ್ತಿ ತಿರುಗಿದರೆ ಅದು ಸವೆದಿದೆ, ಹೊಸದು ಹಾಕಿ.

ಹುಲ್ಲು ಸಿಕ್ಕಿಕೊಳ್ಳುತ್ತದೆಂದು ಗಾರ್ಡ್ ಕಿತ್ತಿಟ್ಟಿದ್ದರೆ ಈಗಲೇ ಹಾಕಿ. ನಿಮ್ಮ ಕಾಲಿಗೂ ಬ್ಲೇಡಿಗೂ ನಡುವೆ ಇರುವುದು ಅದೊಂದೇ.

ಕೊನೆಗೆ ಪಿನ್ನು ಹೊರಗೆ. ಬ್ಲೇಡನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಓರೆಯಾಡುತ್ತದೆಯೇ ನೋಡಿ. ಪ್ಲಗ್ಗಿನ ಕ್ಯಾಪ್ ಹಾಕಿ, ಜನರಿಲ್ಲದ ಕಡೆ ಸ್ಟಾರ್ಟ್ ಮಾಡಿ. ರೇಸ್ ಕೊಡದೆ ಬಿಟ್ಟಾಗ ಬ್ಲೇಡು ನಿಂತಿರಬೇಕು. ತಿರುಗುತ್ತಲೇ ಇದ್ದರೆ ಐಡಲ್ ಸ್ಕ್ರೂ (ರೇಸ್ ಕೊಡದಾಗಿನ ಎಂಜಿನ್ ವೇಗ ಹೊಂದಿಸುವ ತಿರುಪು) ತಗ್ಗಿಸಬೇಕು. ಒಂದು ನಿಮಿಷ ಓಡಿಸಿ, ಆರಿಸಿ, ಕ್ಯಾಪ್ ಕಿತ್ತು ನಟ್ಟು ಇನ್ನೊಮ್ಮೆ ಬಿಗಿ ನೋಡಿ.

ಅಂಗಳದ ಹುಲ್ಲುಹಾಸಿಗೆ ತಳ್ಳುವ ಪೆಟ್ರೋಲ್ ಯಂತ್ರ ಇರುವವರು ಗಮನಿಸಿ: ಅದರಲ್ಲಿ ಬ್ಲೇಡು ನೇರವಾಗಿ ಎಂಜಿನ್ನಿನ ಶಾಫ್ಟಿಗೇ ಇರುತ್ತದೆ. ಬ್ಲೇಡು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹತ್ತಿಕೊಳ್ಳಬಹುದು, ಪ್ಲಗ್ ಕ್ಯಾಪ್ ತೆಗೆಯದೆ ಮುಟ್ಟಲೇಬೇಡಿ. ಬೋಲ್ಟು ಸಾಮಾನ್ಯವಾಗಿ ಮಾಮೂಲಿ ಥ್ರೆಡ್ಡಿನದು. ಓರೆ ಮಾಡುವಾಗ ಏರ್ ಫಿಲ್ಟರ್ ಮೇಲಕ್ಕಿರಲಿ, ಇಲ್ಲದಿದ್ದರೆ ಅದಕ್ಕೆ ಆಯಿಲ್ ಇಳಿಯುತ್ತದೆ.

ತೆಗೆದ ಹಳೆ ಬ್ಲೇಡನ್ನು ಗೊಬ್ಬರಗುಂಡಿಗೋ ತೋಟದ ಮೂಲೆಗೋ ಎಸೆಯಬೇಡಿ. ಅಲ್ಲಿ ಬರಿಗಾಲಲ್ಲಿ ಓಡಾಡುವವರಿರುತ್ತಾರೆ. ಗೋಣಿಯಲ್ಲಿ ಸುತ್ತಿಟ್ಟು ಗುಜರಿಯವರಿಗೆ ಕೊಡಿ.