ಸ್ಟೇನ್‌ಲೆಸ್‌ಗೆ ಹಾಕಿದ ಎಂಡ್‌ಮಿಲ್: ಸವೆತ ನೋಡುವುದು ಹೇಗೆ?

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆಯ ಶೆಡ್‌ಗಳಿಗೆ ಸ್ಟೇನ್‌ಲೆಸ್ ಜಾಬ್ ಬಂದಾಗ ಒಂದು ಚಾಳಿ ತಪ್ಪದೆ ಕಾಣುತ್ತದೆ. ಎಂಡ್‌ಮಿಲ್, ಅಂದರೆ ಮಿಲ್ಲಿಂಗ್ ಯಂತ್ರದಲ್ಲಿ ತಿರುಗುತ್ತಾ ಲೋಹ ಕಡಿಯುವ ಟೂಲ್, ಕಿರ್ರೆಂದ ಕೂಡಲೇ ಆಪರೇಟರ್ ಫೀಡ್ (ಟೂಲ್ ಮುಂದೆ ಸಾಗುವ ವೇಗ) ಗುಂಡಿ ತಿರುಗಿಸಿ ಅರ್ಧಕ್ಕೆ ಇಳಿಸುತ್ತಾನೆ. ಮೈಲ್ಡ್ ಸ್ಟೀಲ್‌ನಲ್ಲಾದರೆ ನಡೆದೀತು. 304 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಟೂಲ್ ಹಾಳಾಗುವುದೇ ಇದರಿಂದ. ಹಲ್ಲು ಕಡಿಯುವ ಬದಲು ಉಜ್ಜುತ್ತದೆ, ಉಜ್ಜಿದ ಜಾಗ ಗಟ್ಟಿಯಾಗುತ್ತದೆ, ಮುಂದಿನ ಹಲ್ಲು ಆ ಗಟ್ಟಿ ಪದರಕ್ಕೇ ಬಡಿಯುತ್ತದೆ. ಸ್ಟೇನ್‌ಲೆಸ್ ಶಾಖ ಸಾಗಿಸುವುದೂ ಮೈಲ್ಡ್ ಸ್ಟೀಲ್‌ನ ಮೂರನೇ ಒಂದು ಪಾಲಿನಷ್ಟೇ, ಬಿಸಿ ಅಂಚಿನಲ್ಲೇ ನಿಲ್ಲುತ್ತದೆ. ಗುಂಡಿ ಮುಟ್ಟುವ ಮೊದಲು ಅಂಚು ನೋಡಿ.

ಹಂತ 1: ಅಲ್ಯೂಮಿನಿಯಂ ಟೈಟಾನಿಯಂ ನೈಟ್ರೈಡ್ ಕೋಟಿಂಗ್ ಇರುವ ಕಾರ್ಬೈಡ್ ಟೂಲನ್ನೇ ತನ್ನಿ. ಡಬ್ಬಿಯಿಲ್ಲದೆ ಮಾರುವ ಚಿನ್ನದ ಬಣ್ಣದ ಅಗ್ಗದ ಎಂಡ್‌ಮಿಲ್ ಬೇಡ. ಬಣ್ಣ ನೋಡಿ ಗುಣ ಹೇಳಲಾಗದು.

ಹಂತ 2: ಟೂಲ್ ಹಿಡಿಯುವ ಕಾಲೆಟ್ ಒರೆಸಿ, ಟೂಲ್ ಹಿಡಿಸಿ, ಡಯಲ್ ಇಟ್ಟು ನೋಡಿ. ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, 0.01 ಮಿ.ಮೀ. ಒಳಗಿರಲಿ.

ಹಂತ 3: 10 ಮಿ.ಮೀ., 4 ಫ್ಲೂಟ್ (ಹಲ್ಲು) ಟೂಲ್‌ಗೆ ಅಂಚು ನಿಮಿಷಕ್ಕೆ 80 ಮೀಟರ್ ಸಾಗುವ ವೇಗ ಇಟ್ಟರೆ ಸುಮಾರು 2,550 ಆರ್‌ಪಿಎಂ. ಹಲ್ಲಿಗೆ 0.05 ಮಿ.ಮೀ. ಅಂದರೆ ಫೀಡ್ ನಿಮಿಷಕ್ಕೆ 510 ಮಿ.ಮೀ. ಶುರುವಿಗೆ ಇಷ್ಟು ಸಾಕು.

ಹಂತ 4: ಎಲ್ಲರೂ ಎಡವುವುದು ಇಲ್ಲಿ. ಮೊದಲ ಜಾಬ್ ಮುಗಿದೊಡನೆ ಟೂಲ್ ಬಿಚ್ಚಿ, ಬಟ್ಟೆಯಲ್ಲಿ ಎಣ್ಣೆ ಒರೆಸಿ. ಎಮರಿಯಿಂದ ತಿಕ್ಕಬೇಡಿ, ಕೋಟಿಂಗ್ ಕೆಲವೇ ಮೈಕ್ರಾನ್ ದಪ್ಪ. ದುಬಾರಿ ಮೈಕ್ರೋಸ್ಕೋಪ್ ಬೇಕಿಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ನಡೆದ ಊರು ತುಮಕೂರು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಮಸೂರ ಸಾಕು. ಬೆಳಕು ಪಕ್ಕದಿಂದ ಬೀಳಲಿ.

ಅಂಚಿನ ಹಿಂಬದಿಯಲ್ಲಿ ಕೋಟಿಂಗಿನ ಕಪ್ಪು ಹೋಗಿ ಒಂದೇ ಅಗಲದ ನುಣ್ಣನೆ ಬೂದು ಪಟ್ಟಿ ಕಂಡರೆ ಅದು ಸಹಜ ಸವೆತ. ಐಎಸ್ಒ 8688 ಪರೀಕ್ಷೆಯಲ್ಲಿ ಪಟ್ಟಿ 0.3 ಮಿ.ಮೀ. ಆದರೆ ಟೂಲಿನ ಆಯಸ್ಸು ಮುಗಿದಂತೆ. ಫಿನಿಶಿಂಗ್‌ಗೆ ನಾನಂತೂ 0.15ಕ್ಕೇ ಬದಲಿಸುತ್ತೇನೆ.

ಹೊಳಪಿದ್ದ ಮಾತ್ರಕ್ಕೆ ಸವೆತ ಅಂದುಕೊಳ್ಳಬೇಡಿ. ಅಂಟಿದ ಸ್ಟೇನ್‌ಲೆಸ್ ಕೂಡ ಹೊಳೆಯುತ್ತದೆ, ಆದರೆ ಉಬ್ಬುತಗ್ಗಾಗಿ ಅಂಚಿನಿಂದ ಮೇಲೆದ್ದಿರುತ್ತದೆ. ಮರದ ಕಡ್ಡಿ ಸವರಿದರೆ ತಡೆಯುತ್ತದೆ. ಆ ಉಂಡೆ ಕಿತ್ತು ಬರುವಾಗ ಕೋಟಿಂಗನ್ನೂ ಎಳೆದುಕೊಂಡು ಬರುತ್ತದೆ. ಇದಕ್ಕೆ ಮದ್ದು ತಿರುಗುವ ವೇಗ ಇಳಿಸುವುದಲ್ಲ, ತುಸು ಏರಿಸುವುದು.

ಅಂಚಿನ ಒಂದೇ ಎತ್ತರದಲ್ಲಿ ಕಚ್ಚು ಬಿದ್ದಿದ್ದರೆ, ಪ್ರತಿ ಪಾಸ್‌ನಲ್ಲೂ ಅದೇ ಆಳಕ್ಕೆ ಗಟ್ಟಿ ಪದರ ತಾಗಿದೆ ಎಂದರ್ಥ. ಆಳವನ್ನು 6, 5, 4 ಮಿ.ಮೀ. ಹೀಗೆ ಬದಲಿಸುತ್ತಾ ಹೋಗಿ. ಅಂಚಿಗೆ ಅಡ್ಡಲಾಗಿ ಸಣ್ಣ ಬಿರುಕುಗಳಿದ್ದರೆ ಕೂಲೆಂಟ್ (ತಂಪು ಮಾಡುವ ಎಣ್ಣೆ-ನೀರಿನ ಮಿಶ್ರಣ) ನಿಂತು ನಿಂತು ಬೀಳುತ್ತಿದೆ. ಸುರಿದರೆ ಧಾರಾಳವಾಗಿ ಸುರಿಯಿರಿ, ಇಲ್ಲವೇ ಬರೀ ಗಾಳಿ ಬಿಡಿ. ಒಂದೇ ಹಲ್ಲಿನ ಮೂಲೆ ಉದುರಿದ್ದರೆ ಹಂತ 2ಕ್ಕೆ ವಾಪಸ್.

ಹಂತ 5: ಕೂಲೆಂಟ್‌ನಲ್ಲಿ ಎಣ್ಣೆ ಶೇ 8ರಿಂದ 10 ಇರಲಿ, ಅದನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದನ್ನೇ ಬೆರೆಸಿದರೆ ಎಣ್ಣೆ ಒಡೆದು ಮೇಲೆ ತೇಲುತ್ತದೆ. ಆರ್‌ಒ ನೀರು ಹಾಕಿ.

ಸವೆದ ಟೂಲಿಗೆ ಸಾಣೆ ಹಿಡಿಸಬಹುದು, ಆದರೆ ಸಾಣೆ ತಾಗಿದ ಮುಖದಲ್ಲಿ ಕೋಟಿಂಗ್ ಉಳಿಯದು. ಮತ್ತೆ ಕೋಟಿಂಗ್ ಮಾಡಿಸಿ, ಇಲ್ಲವಾದರೆ ಮೈಲ್ಡ್ ಸ್ಟೀಲ್ ಜಾಬ್‌ಗೆ ಎತ್ತಿಡಿ.