ಮಳೆಗಾಲದ ಜ್ವರ, ಸಕ್ಕರೆ ಕಾಯಿಲೆ, ವಾಸಿಯಾಗದ ‘ಟಿಬಿ’: ಮೆಲಿಯೋಯ್ಡೋಸಿಸ್ ಪತ್ತೆಯಲ್ಲಿ ನನ್ನ ಅನುಭವ

ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಜ್ವರದ ರೋಗಿ ಬಂದರೆ ಡೆಂಗಿ, ಮಲೇರಿಯಾ, ಇಲಿಜ್ವರ ಈ ಮೂರನ್ನು ಯಾವ ವೈದ್ಯರೂ ಮರೆಯುವುದಿಲ್ಲ. ಮೂರೂ ನೆಗೆಟಿವ್ ಬಂದು, ಜ್ವರ ಎರಡನೇ ವಾರಕ್ಕೆ ಕಾಲಿಟ್ಟು, ರೋಗಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ನಾನು ಮೊದಲು ಹುಡುಕುವುದು ಮೆಲಿಯೋಯ್ಡೋಸಿಸ್. ಇದು ಮಣ್ಣು, ಕೆಸರು ನೀರಿನಲ್ಲಿ ಬದುಕುವ ಬರ್ಕೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಿಂದ ಇದನ್ನು ಮೊದಲು ವರದಿ ಮಾಡಿದ್ದು 1912ರಲ್ಲಿ. ನಮ್ಮ ಕರಾವಳಿಯ ರೋಗಿಗಳ ಬಗ್ಗೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಿಂದ ಹಲವು ಅಧ್ಯಯನಗಳೂ ಬಂದಿವೆ. ಆದರೂ ಎಷ್ಟೋ ಮಂದಿ ಟಿಬಿ ಮಾತ್ರೆ ನುಂಗುತ್ತಲೇ ಸೊರಗುತ್ತಾರೆ.

ಕೇಸ್ ಶೀಟಿನ ಮೇಲ್ಭಾಗದಲ್ಲಿ ಇಡೀ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯುವುದು ನನ್ನ ಕ್ರಮ. ಉದಾಹರಣೆಗೆ: ‘55 ವರ್ಷದ ಗಂಡಸು, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 11, ಮೂರು ವಾರದ ಜ್ವರ, ಎಡ ಮೊಣಕಾಲಿನಲ್ಲಿ ಊತ, ಗುಲ್ಮದಲ್ಲಿ (ಸ್ಪ್ಲೀನ್) ಸಣ್ಣ ಕೀವುಗುಳ್ಳೆಗಳು, ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯಾಟಿಕ್ ಐದು ದಿನ ಆಗಿದೆ.’ ‘ಪಿಯುಒ’ (ಕಾರಣ ತಿಳಿಯದ ಜ್ವರ) ಎಂದಷ್ಟೇ ಬರೆದರೆ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಮೊಣಕಾಲು, ಗುಲ್ಮ, ಸಕ್ಕರೆ ಮೂರೂ ಒಂದೇ ಸಾಲಿಗೆ ಬಂದಾಗ ಉತ್ತರ ಅರ್ಧ ಸಿಕ್ಕಿದ ಹಾಗೆ.

ಅದರ ಕೆಳಗೆ ದಿನವಾರು ಪಟ್ಟಿ: ಯಾವ ದಿನ ಜ್ವರ ಎಷ್ಟಿತ್ತು, ಯಾವ ಔಷಧ ಯಾವಾಗ ಶುರುವಾಯಿತು, ಯಾವಾಗ ನಿಂತಿತು. ಹಳೆಯ ಚೀಟಿ, ಖಾಲಿ ಮಾತ್ರೆ ಪಟ್ಟಿ ಎಲ್ಲವನ್ನೂ ಮನೆಯಿಂದ ತರಿಸುತ್ತೇನೆ. ಇಲಿಜ್ವರವೆಂದು ಕೊಟ್ಟ ಡಾಕ್ಸಿಸೈಕ್ಲಿನ್, ಎದೆಯ ಸೋಂಕೆಂದು ಕೊಟ್ಟ ಅಮಾಕ್ಸಿಕ್ಲಾವ್ ಎರಡೂ ಈ ರೋಗಾಣುವನ್ನು ಸ್ವಲ್ಪ ತಗ್ಗಿಸುತ್ತವೆ. ಜ್ವರ ಇಳಿದು, ಕೋರ್ಸ್ ಮುಗಿದ ಮೇಲೆ ಮತ್ತೆ ಏರುತ್ತದೆ. ಆ ಇಳಿತವನ್ನು ‘ಇಲಿಜ್ವರವೇ ಆಗಿತ್ತು’ ಎನ್ನುವುದಕ್ಕೆ ಸಾಕ್ಷಿ ಮಾಡಿಕೊಂಡರೆ ದಾರಿ ತಪ್ಪುತ್ತದೆ.

ಕೆಲಸ ಏನೆಂದು ಕೇಳಿದರೆ ‘ಮನೆಯಲ್ಲೇ ಇರುವುದು’, ‘ಅಂಗಡಿ ಉಂಟು’ ಎಂಬ ಉತ್ತರ ಬರುತ್ತದೆ. ಹಾಗಾಗಿ ಬಿಡಿಸಿ ಕೇಳುತ್ತೇನೆ: ‘ನಾಟಿಗೆ ಗದ್ದೆಗೆ ಇಳಿದಿದ್ದೀರಾ? ತೋಟದ ಕಣಿ ಬಿಡಿಸಿದ್ದೀರಾ? ಬರಿಗಾಲಲ್ಲಿ ಅಂಗಳದ ನೀರಿಗೆ ಹೋಗುವುದುಂಟಾ? ಕಾಲಲ್ಲಿ ಗಾಯ ಇತ್ತಾ?’ ಮಣ್ಣಿನ ಸಂಪರ್ಕದಿಂದ ಜ್ವರಕ್ಕೆ ಸಾಮಾನ್ಯವಾಗಿ 1ರಿಂದ 21 ದಿನ. ಸಂಪರ್ಕವೇ ಇಲ್ಲ ಎಂದರೂ ರೋಗವನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಕುಡಿತ, ಮೂತ್ರಪಿಂಡದ ಹಳೆಯ ತೊಂದರೆ, ಸ್ಟೀರಾಯ್ಡ್ ಬಳಕೆ ಇವನ್ನೂ ಕೇಳಿಯೇ ಮುಂದೆ ಹೋಗುವುದು.

ರೋಗನಿರ್ಣಯ ಗೆಲ್ಲುವುದೂ ಸೋಲುವುದೂ ಕಲ್ಚರ್‌ನಲ್ಲಿ, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ. ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ಎರಡು ಬೇರೆ ಜಾಗದಿಂದ ರಕ್ತ, ಪ್ರತಿ ಬಾಟಲಿಗೆ 8ರಿಂದ 10 ಮಿಲಿ. ಎರಡು ಮೂರು ಮಿಲಿ ಹಾಕಿ ‘ಬೆಳವಣಿಗೆ ಇಲ್ಲ’ ಎಂಬ ವರದಿ ಪಡೆದರೆ ಅದಕ್ಕೆ ಬೆಲೆಯಿಲ್ಲ. ರಕ್ತದ ಜೊತೆಗೆ ಕಫ, ಗಂಟಲ ಸ್ವಾಬ್, ಮೂತ್ರ, ಕೀವು ಇದ್ದರೆ ಕೀವು. ರೋಗ ಎಲ್ಲಿ ಕಾಣುತ್ತಿದ್ದರೂ ಇಷ್ಟೂ ಕಳಿಸಬೇಕು. ಒಂದು ಸುತ್ತಿನ ಕಲ್ಚರ್ ಹಿಡಿಯುವುದು ಸುಮಾರು 60 ಶೇಕಡಾ ರೋಗಿಗಳನ್ನಷ್ಟೇ. ಆದ್ದರಿಂದ ಶಂಕೆ ಬಲವಾಗಿದ್ದರೆ ಮತ್ತೆ ಕಳಿಸುತ್ತೇನೆ.

ತುಂಬ ನೋವು ಕೊಡುವ ತಪ್ಪು ಒಂದುಂಟು. ಕುತ್ತಿಗೆಯ ಗಂಟಿನಿಂದಲೋ ಮೂಳೆಯಿಂದಲೋ ತೆಗೆದ ಇಡೀ ತುಂಡನ್ನು, ಕೆಡದಂತೆ ಕಾಪಾಡುವ ಫಾರ್ಮಲಿನ್‌ಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಕಲ್ಚರ್‌ಗೆ ಏನೂ ಉಳಿಯುವುದಿಲ್ಲ. ಪೆಥಾಲಜಿ ವರದಿಯಲ್ಲಿ ‘ಗ್ರಾನುಲೋಮ, ನೆಕ್ರೋಸಿಸ್’ (ಉರಿಯೂತದ ಗಂಟು, ಸತ್ತ ಅಂಗಾಂಶ) ಎಂದು ಬರುತ್ತದೆ, ಟಿಬಿ ಚಿಕಿತ್ಸೆ ಶುರುವಾಗುತ್ತದೆ. ಮೆಲಿಯೋಯ್ಡೋಸಿಸ್ ಕೂಡ ಗ್ರಾನುಲೋಮ ಮಾಡುತ್ತದೆ. ಅದಕ್ಕೇ ಆಪರೇಷನ್ ಥಿಯೇಟರಿಗೆ ಮೊದಲೇ ಹೇಳಿಡುತ್ತೇನೆ: ಅರ್ಧ ತುಂಡು ಫಾರ್ಮಲಿನ್‌ಗೆ, ಅರ್ಧ ಸ್ಟೆರೈಲ್ ಸಲೈನ್‌ಗೆ. ಸಲೈನ್‌ನದ್ದು ಸಾಮಾನ್ಯ ಕಲ್ಚರ್‌ಗೂ ಟಿಬಿ ಹುಡುಕುವ ಸಿಬಿನಾಟ್ ಎಂಬ ಜೀನ್ ಪರೀಕ್ಷೆಗೂ ಹೋಗಲಿ.

ಲ್ಯಾಬ್ ಫಾರ್ಮಿನಲ್ಲಿ ‘ಮೆಲಿಯೋಯ್ಡೋಸಿಸ್ ಶಂಕೆ’ ಎಂದು ಬರೆದು, ಮೈಕ್ರೋಬಯಾಲಜಿಸ್ಟ್‌ಗೆ ಫೋನ್ ಕೂಡ ಮಾಡುತ್ತೇನೆ. ಅಲ್ಲಿಯ ಸಿಬ್ಬಂದಿ ಸೋಂಕು ತಗಲದಂತೆ ಸೇಫ್ಟಿ ಕ್ಯಾಬಿನೆಟ್‌ನಲ್ಲಿ ಕೆಲಸ ಮಾಡಬೇಕು ಎಂಬುದು ಒಂದು ಕಾರಣ. ಇನ್ನೊಂದು, ಕಫ ಮತ್ತು ಸ್ವಾಬಿಗೆ ಈ ರೋಗಾಣುವನ್ನು ಆರಿಸಿ ಬೆಳೆಸುವ ಆ್ಯಶ್‌ಡೌನ್ ಮಾಧ್ಯಮ ಬೇಕು, ಪ್ಲೇಟನ್ನು ಎರಡೇ ದಿನಕ್ಕೆ ಎಸೆಯದೆ ಏಳು ದಿನ ಇಡಬೇಕು. ಒಣಗಿ ಸುಕ್ಕುಗಟ್ಟಿದ ನೇರಳೆ ಕಾಲನಿ ಕಾಣಲು ಕೆಲವೊಮ್ಮೆ ನಾಲ್ಕು ದಿನ ಹಿಡಿಯುತ್ತದೆ.

ವರದಿಯಲ್ಲಿ ‘ಸ್ಯೂಡೋಮೋನಾಸ್ ಸ್ಪೀಶೀಸ್’ ಎಂದು ಬೇರೆ ಬ್ಯಾಕ್ಟೀರಿಯಾದ ಹೆಸರು ಬಂದರೆ ಅಲ್ಲಿಗೆ ಬಿಡಬೇಡಿ. ಯಂತ್ರಗಳು ಇದನ್ನು ಬರ್ಕೋಲ್ಡೇರಿಯಾ ಸೆಪೇಶಿಯಾ ಎಂದು ತಪ್ಪಾಗಿ ಓದುವುದೂ ಉಂಟು. ನಾನು ಕೆಳಗಿನ ಔಷಧ ಪಟ್ಟಿ ನೋಡುತ್ತೇನೆ. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ ಪಾಸಿಟಿವ್ ಆಗಿದ್ದು, ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ ಅಮಾಕ್ಸಿಕ್ಲಾವ್‌ಗೆ ಬಗ್ಗಿದರೆ ಅದು ಮೆಲಿಯೋಯ್ಡೋಸಿಸ್ ಎಂದೇ ಹಿಡಿದು ಲ್ಯಾಟೆಕ್ಸ್ ಪರೀಕ್ಷೆ ಅಥವಾ ಪಿಸಿಆರ್‌ನಿಂದ ಖಚಿತ ಮಾಡಿಸುತ್ತೇನೆ. ಮಾಮೂಲಿ ಸ್ಯೂಡೋಮೋನಾಸ್ ಎರುಜಿನೋಸಾ ಅಮಾಕ್ಸಿಕ್ಲಾವ್‌ಗೆ ಬಗ್ಗುವುದೇ ಇಲ್ಲ. ಆ್ಯಂಟಿಬಾಡಿ ಪರೀಕ್ಷೆಯೊಂದನ್ನೇ ನಾನು ನೆಚ್ಚಿಕೊಳ್ಳುವುದಿಲ್ಲ. ಈ ಮಣ್ಣಿನಲ್ಲೇ ದುಡಿಯುವ ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರಬಹುದು.

ಸ್ಕ್ಯಾನಿಂಗ್ ಎಲ್ಲರಿಗೂ. ಹೊಟ್ಟೆನೋವು ಇಲ್ಲದಿದ್ದರೂ ಯಕೃತ್ತು, ಗುಲ್ಮ ನೋಡಲೇಬೇಕು. ಗಂಡಸರಲ್ಲಿ ಪ್ರಾಸ್ಟೇಟ್ ಬಿಡಬಾರದು. ಅಲ್ಲಿ ಅಡಗಿದ ಕೀವು ಔಷಧಕ್ಕೆ ಬೇಗ ಬಗ್ಗುವುದಿಲ್ಲ.

ಔಷಧ ಶುರುವಾಗಿ 72 ಗಂಟೆಗೆ ರೋಗನಿರ್ಣಯವನ್ನು ಮರುಪರಿಶೀಲಿಸುವುದು ಒಳ್ಳೆಯ ಅಭ್ಯಾಸ. ನಾನೂ ಆಗ ‘ಯಾವ ಅಂಶ ಹೊಂದಿಕೊಳ್ಳುತ್ತಿಲ್ಲ?’ ಎಂದು ಬರೆದುಕೊಳ್ಳುತ್ತೇನೆ. ಆದರೆ ಈ ಕಾಯಿಲೆಯಲ್ಲಿ ‘ಜ್ವರ ಬಿಟ್ಟಿಲ್ಲ’ ಎಂಬುದನ್ನು ಆ ಸಾಲಿಗೆ ಸೇರಿಸಬಾರದು. ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ಸುಮಾರು ಒಂಬತ್ತು ದಿನ ಬೇಕಾಗುತ್ತದೆ. ನಾಲ್ಕನೇ ದಿನಕ್ಕೆ ಧೈರ್ಯಗೆಟ್ಟು ಔಷಧ ಬದಲಿಸಿದರೆ ಗೊಂದಲ ಹೆಚ್ಚುತ್ತದೆ. ಬಿಪಿ ಕುಸಿದರೆ, ಉಸಿರಾಟ ಕೆಟ್ಟರೆ, ಕಲ್ಚರ್ ಮತ್ತೆ ಪಾಸಿಟಿವ್ ಬಂದರೆ ಮಾತ್ರ ಬರಿದು ಮಾಡದ ಕೀವು ಎಲ್ಲಿದೆ ಎಂದು ಮತ್ತೆ ಹುಡುಕಬೇಕು.

ಚಿಕಿತ್ಸೆಗೆ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ, ಆಳದ ಕೀವಿದ್ದರೆ ಇನ್ನೂ ಹೆಚ್ಚು ದಿನ. ಸೆಫ್ಟ್ರಿಯಾಕ್ಸೋನ್ ಸಾಲದು. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು, ತೂಕಕ್ಕೂ ಮೂತ್ರಪಿಂಡಕ್ಕೂ ತಕ್ಕ ಡೋಸ್‌ನಲ್ಲಿ. ಮೊದಲ ವಾರಗಳಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣಗಳನ್ನು ನೋಡಿಸುತ್ತಿರಬೇಕು. ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸಬಹುದು. ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲೇ ರೋಗದ ಹೆಸರು, ಮಾತ್ರೆ ಮುಗಿಯುವ ತಾರೀಕು, ‘ಮತ್ತೆ ಜ್ವರ ಬಂದರೆ ಮೊದಲು ಬ್ಲಡ್ ಕಲ್ಚರ್’ ಎಂಬ ಸೂಚನೆ ಮೂರನ್ನೂ ಬರೆಯುತ್ತೇನೆ. ಊರಿನ ಡಾಕ್ಟರ ಕೈಗೆ ತಲುಪುವುದು ಆ ಒಂದು ಹಾಳೆ ಮಾತ್ರ.